ಚಾಸಿ ಕಂಪನಿಯದು, ಗಿಳಿ ನನ್ನದು

ಆಗೆಲ್ಲ ಕಂಪನಿಯಿಂದ ಬರುವ ಲಾರಿ ಲಾರಿಯ ಹಾಗೆ ಇರುತ್ತಿರಲಿಲ್ಲ. ಎರಡು ಉದ್ದನೆಯ ಕಬ್ಬಿಣದ ತೊಲೆ, ಮುಂದೆ ಎಂಜಿನ್, ಕೆಳಗೆ ಚಕ್ರ, ಒಂದು ಸ್ಟೇರಿಂಗು, ಅಷ್ಟೇ. ಬಾಗಿಲಿಲ್ಲ, ಗಾಜಿಲ್ಲ, ನೆತ್ತಿಯ ಮೇಲೆ ಚಾವಣಿಯಿಲ್ಲ. ಡ್ರೈವರ್ ಒಂದು ಮರದ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು, ಅದರ ಮೇಲೆ ಕುಳಿತು, ತಲೆಗೂ ಮೂಗಿಗೂ ಟವಲು ಸುತ್ತಿಕೊಂಡು ನಂಜನಗೂಡಿನವರೆಗೆ ಓಡಿಸಿಕೊಂಡು ಬರುತ್ತಿದ್ದ. ಇದಕ್ಕೆ ಚಾಸಿ ಎನ್ನುತ್ತೇವೆ. ಅದರ ಮೇಲೆ ಮರ ಕೂರಿಸಿ, ತಗಡು ಹೊಡೆದು, ಬಣ್ಣ ಬಳಿದು, ನೋಡಿದವರು ಲಾರಿ ಅಥವಾ ಬಸ್ಸು ಅನ್ನುವ ಹಾಗೆ ಮಾಡುವುದು ನಮ್ಮ ಕೆಲಸ. ಕಂಪನಿಯ ಹೆಸರು ಮುಂದುಗಡೆ ಇರುತ್ತಿತ್ತು. ಊರವರು ಗುರುತು ಹಿಡಿಯುತ್ತಿದ್ದದ್ದು ಮಾತ್ರ ನಮ್ಮ ಬಣ್ಣವನ್ನು.

ಕಳಲೆಯ ಕಡೆಯವನು ನಾನು. ಏಳನೇ ತರಗತಿಗೆ ಶಾಲೆ ಬಿಟ್ಟೆ. ಅದಕ್ಕೆ ಯಾರ ಮುಂದೆಯೂ ಗೋಳಾಡಿದವನಲ್ಲ, ಈಗಲೂ ಆಡುವುದಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ನಂಜನಗೂಡಿನ ಒಂದು ಬಾಡಿ ಕಟ್ಟುವ ಶೆಡ್ಡಿಗೆ ಸೇರಿದೆ. ಮೊದಲೆಲ್ಲ ಬರೀ ಕೆರೆಯುವ ಕೆಲಸ. ಹಳೆಯ ಗಾಡಿ ಬಣ್ಣಕ್ಕೆ ಬಂದರೆ ಹಳೆಯದನ್ನೆಲ್ಲ ಬ್ಲೇಡಿನಲ್ಲಿ ಎಬ್ಬಿಸಿ, ಉಪ್ಪು ಕಾಗದ ಹಾಕಿ ತಿಕ್ಕಿ, ತಗಡು ಹೊಳೆಯುವ ಹಾಗೆ ಮಾಡಬೇಕು. ಒಂದು ಸಲ ಹಾಗೆ ಕೆರೆಯುತ್ತಾ ಲಾರಿಯ ಹಿಂಬದಿಯ ಕೆಳಮೂಲೆಗೆ ಬಂದಿದ್ದೆ. ಅಲ್ಲೊಂದು ಪುಟ್ಟ ಕಮಲದ ಚಿತ್ರ. ಬ್ಲೇಡು ಇಟ್ಟೆ. ಆಚೆ ಕಡೆಯಿಂದ ಮೇಸ್ತ್ರಿ ಕೂಗಿದರು.

"ಲೇ, ತಗಿ ಕೈಯ!"

"ಬಣ್ಣ ಎದ್ದೋಗದೆ ಸಾ."

"ಎದ್ರೆ ಎದ್ಕೊಳ್ಳಿ. ಅದು ಗಾಡಿ ಬಣ್ಣ ಅಲ್ಲ ಕಣ್ಲಾ, ಒಬ್ಬನ ಕೈ. ಸುತ್ತ ಉಜ್ಜು, ಅದನ್ನ ಬುಡು. ನಾಳೆ ನಿಂದೂ ಒಂದು ಬರೀಬೇಕು ಅಂದ್ರೆ ಅದರ ಕೆಳಗೆ ಬರ್ಕೊ."

ನಮ್ಮ ಶೆಡ್ಡಿನ ಕಟ್ಟಳೆ ಅದು. ಬೇರೆ ಶೆಡ್ಡುಗಳಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗಾಡಿ ಎಷ್ಟು ಕೈ ದಾಟಿ ಬಂದಿರಲಿ, ಮೈಯೆಲ್ಲ ಬೇರೆ ಬಣ್ಣವಾಗಲಿ, ಮೊದಲು ಬರೆದವನ ಗುರುತು ಆ ಮೂಲೆಯಲ್ಲಿ ಉಳಿಯಬೇಕು. ಆಮೇಲಿನವನದು ಅದರ ಕೆಳಗೆ. ಕೆಲವು ಹಳೆಯ ಲಾರಿಗಳ ಮೂಲೆಯಲ್ಲಿ ಕಮಲ, ಅದರ ಕೆಳಗೆ ನಕ್ಷತ್ರ, ಅದರ ಕೆಳಗೆ ಮೀನು ಹೀಗೆ ಸಾಲು ಇರುತ್ತಿತ್ತು. ನೋಡಿದ ಕೂಡಲೇ ಮೇಸ್ತ್ರಿ, ಇದು ಮಂಡ್ಯದವನ ಕೈ, ಇದು ನಮ್ಮ ಹಳಬನ ಕೈ ಎಂದು ಹೇಳಿಬಿಡುತ್ತಿದ್ದರು.

ನನ್ನ ಕೈಗೆ ಬ್ರಷ್ ಬಂದ ಮೇಲೆ ನಾನು ಇಟ್ಟುಕೊಂಡ ಗುರುತು ಎದುರುಬದುರು ಕುಳಿತ ಎರಡು ಗಿಳಿ. ನಾಲ್ಕು ಬೆರಳಿನಗಲ. ಹತ್ತಾರು ಬಸ್ಸು, ಅದಕ್ಕಿಂತ ಹೆಚ್ಚು ಲಾರಿಗಳ ಹಿಂದೆ ಆ ಗಿಳಿಗಳು ಓಡಾಡಿವೆ. ನಂಜನಗೂಡಿನಿಂದ ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುತ್ತಿದ್ದ ಒಂದು ಪ್ರೈವೇಟ್ ಬಸ್ಸಂತೂ ಪೂರ್ತಿ ನನ್ನದೇ ಕೈಕೆಲಸ. ಹಸಿರು ಮೈ, ಕೆನೆಯ ಬಣ್ಣದ ಪಟ್ಟೆ, ಪಟ್ಟೆಯ ಅಂಚಿಗೆ ಕೆಂಪು. ಅದರ ಡ್ರೈವರ್ ನಮ್ಮೂರ ಕಡೆಯವನೇ, ನನ್ನ ಜೊತೆ ಶಾಲೆ ಬಿಟ್ಟವನು.

ಆಮೇಲೆ ಕಾಲ ಬದಲಾಯಿತು. ಕಂಪನಿಗಳೇ ಕ್ಯಾಬಿನ್ನು, ಬಾಡಿ ಎಲ್ಲ ಕೂರಿಸಿ ಕಳಿಸತೊಡಗಿದವು. ಶೆಡ್ಡಿನಲ್ಲಿ ಕೆಲಸ ಕಡಿಮೆಯಾಯಿತು. ನನ್ನ ಹೆಂಡತಿಯ ತವರು ನರಸೀಪುರ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಭಾಮೈದನ ಒಂದು ಕೋಣೆ ಖಾಲಿ ಇತ್ತು. ಎರಡು ಸಾವಿರದ ಇಸವಿಯ ಆಚೀಚೆ ನಾನು ಅಲ್ಲಿ ಕಂಪ್ಯೂಟರ್ ಇಟ್ಟು ಗೇಮ್ ಅಂಗಡಿ ತೆಗೆದೆ. ಬಣ್ಣದವನಿಗೆ ಕಂಪ್ಯೂಟರ್ ಏನು ಗೊತ್ತು ಎಂದು ಕೇಳಿದವರಿದ್ದರು. ಗೊತ್ತಿರಲಿಲ್ಲ, ಕಲಿತೆ. ಬಣ್ಣವನ್ನೂ ಹಾಗೆಯೇ ಕಲಿತದ್ದು.

ಅಂಗಡಿಗೆ ಬರುತ್ತಿದ್ದವರು ಕಾಲೇಜಿನವರು, ಬಿಡುವಿನಲ್ಲಿದ್ದ ಟೆಂಪೊ ಡ್ರೈವರುಗಳು, ಕಂಡಕ್ಟರುಗಳು. ಆಟದ ಸಿ.ಡಿ.ಗಳನ್ನು ಮೈಸೂರಿನ ಒಬ್ಬ ಅಂಗಡಿಯವನಿಂದ ತರುತ್ತಿದ್ದೆ. ಒಂದು ಸಲ ಅವನು ಬಸ್ಸು ಓಡಿಸುವ ಆಟ ಕೊಟ್ಟ. ಯಾವುದೋ ಹೊರದೇಶದ್ದು. ಬಿಳಿ ಬಸ್ಸು, ಚೊಕ್ಕಟ ರಸ್ತೆ, ದನವಿಲ್ಲ ಕರುವಿಲ್ಲ. ಆ ಹಸಿರು ಬಸ್ಸಿನ ಡ್ರೈವರ್ ಒಂದು ದಿನ ಮಧ್ಯಾಹ್ನ ಟ್ರಿಪ್ಪಿನ ನಡುವೆ ಬಂದು ಕುಳಿತು ನೋಡಿದ.

"ಇದೇನ್ಲಾ, ಆಸ್ಪತ್ರೆ ವ್ಯಾನ್ ಇದ್ದಂಗದೆ?"

"ಬಸ್ಸು ಕಣೋ."

"ಬಸ್ಸಾ? ಬಣ್ಣ ಇಲ್ಲ, ಬೋರ್ಡ್ ಇಲ್ಲ. ಬಾಗ್ಲು ಬಲಕ್ಕದೆ. ಇದರಿಂದ ಇಳಿದೋರು ರೋಡ್ ನಡುವೆ ನಿಂತ್ಕೊಬೇಕಾ? ನೀನು ಪೇಂಟ್ರು ತಾನೇ, ಒಂದು ಕೈ ಬಣ್ಣ ಹೊಡಿ ಹೋಗು."

ತಮಾಷೆಗೆ ಅಂದ. ನನಗೆ ಅದು ತಲೆಯಲ್ಲಿ ಕೂತಿತು. ನಂಜನಗೂಡಿನಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿಯ ಒಬ್ಬ ಹೆಂಗಸು ನನಗೆ ಪರಿಚಯ. ಶೆಡ್ಡಿನ ಬಿಲ್‌ಬುಕ್ಕುಗಳನ್ನು ಅವರೇ ಮಾಡಿಕೊಡುತ್ತಿದ್ದರು. ನನಗಿಂತ ಸ್ವಲ್ಪ ದೊಡ್ಡವರು, ಅಕ್ಕಾ ಎನ್ನುತ್ತಿದ್ದೆ. ಆಟದ ಸಿ.ಡಿ.ಯನ್ನು ಅವರ ಹತ್ತಿರ ತೆಗೆದುಕೊಂಡು ಹೋಗಿ, ಈ ಬಸ್ಸಿನ ಬಣ್ಣ ಎಲ್ಲಿದೆ ಎಂದು ಕೇಳಿದೆ. ಅವರು ಅದರ ಒಳಗಿನ ಫೋಲ್ಡರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಕೊನೆಗೆ ಒಂದು ಚಿತ್ರ ತೆರೆದರು.

"ಇದೇನೋ ಇದೆ ನೋಡಿ. ಬಸ್ಸಿನ ಹಾಗೆ ಕಾಣಲ್ಲ. ಹರಿದು ಹಾಕಿದ ಹಾಗಿದೆ."

ಅವರಿಗೆ ಹಾಗೆ ಕಂಡಿತು. ನನಗೆ ನೋಡಿದ ಕ್ಷಣ ತಿಳಿಯಿತು. ಅದು ತಗಡಿನ ಕಟಿಂಗು. ಬಾಡಿಗೆ ಹೊಡೆಯುವ ಮೊದಲು ತಗಡನ್ನು ನೆಲದ ಮೇಲೆ ಹಾಸಿ, ಇಲ್ಲಿಂದ ಇಲ್ಲಿಗೆ ಪಕ್ಕ, ಇದು ಹಿಂಬದಿ, ಇದು ನೆತ್ತಿ ಎಂದು ಗೆರೆ ಹಾಕುತ್ತೇವಲ್ಲ, ಅದೇ. ಇಡೀ ಬಸ್ಸಿನ ಮೈಯನ್ನು ಯಾರೋ ಬಿಚ್ಚಿ ಚಪ್ಪಟೆಯಾಗಿ ಹಾಸಿಟ್ಟಿದ್ದರು. ಹಿಂಬದಿಯ ತುಂಡಿನ ಕೆಳಮೂಲೆಯಲ್ಲಿ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಏನೋ ಬರೆದಿತ್ತು.

"ಅದೇನಕ್ಕಾ?"

"ಯಾರದೋ ಹೆಸರು. ಈ ಚಿತ್ರ ಮಾಡಿದವರದ್ದಿರಬೇಕು."

ಸರಿ, ಜಾಗವೂ ಅದೇ ಮೂಲೆ. ನಾನು ಮನಸ್ಸಿನಲ್ಲೇ ಅದರ ಕೆಳಗೆ ಗಿಳಿಗಳನ್ನು ಕೂರಿಸಿದೆ.

ಮೌಸು ಹಿಡಿದು ಗೆರೆ ಎಳೆಯುವುದು ನನ್ನಿಂದ ಆಗಲಿಲ್ಲ. ಸೋಪಿನ ತುಂಡು ಹಿಡಿದು ಬರೆದ ಹಾಗೆ ಜಾರುತ್ತಿತ್ತು. ಕಾಗದದ ಮೇಲೆ ಎನಾಮಲ್ ಬಣ್ಣ ಹಚ್ಚಿದರೆ ಎಣ್ಣೆ ಹರಡುತ್ತಿತ್ತು. ಕೊನೆಗೆ ಅವರು ಹೇಳಿದ ಅಳತೆಗೆ ತಗಡು ಕತ್ತರಿಸಿ, ನಮ್ಮ ಹಳೆಯ ಶೆಡ್ಡಿನಲ್ಲೇ ಕುಳಿತು, ಬಸ್ಸಿಗೆ ಹೇಗೆ ಬರೆದಿದ್ದೆನೋ ಹಾಗೆಯೇ ಬರೆದು, ಮೇಲೆ ಒಂದು ಕೈ ವಾರ್ನಿಷ್ ಎಳೆದು, ಟವಲಿನಲ್ಲಿ ಸುತ್ತಿಕೊಂಡು ಅವರ ಅಂಗಡಿಗೆ ಹೋದೆ. ಸ್ಕ್ಯಾನ್ ಮಾಡಿಕೊಡಿ ಎಂದೆ.

"ಅಣ್ಣಾ, ಇದು ವೆಲ್ಡಿಂಗ್ ಶಾಪ್ ಅಲ್ಲ."

"ಚಿತ್ರ ತಾನೇ ಅಕ್ಕಾ. ಕಾಗದದ ಮೇಲಿದ್ರೇನು, ತಗಡಿನ ಮೇಲಿದ್ರೇನು?"

ತಗಡನ್ನು ಗಾಜಿನ ಮೇಲೆ ಮಲಗಿಸಿ, ಮುಚ್ಚಳ ಒತ್ತಿದರು. ಚಿತ್ರ ಚೆನ್ನಾಗಿಯೇ ಬಂತು. ತಗಡು ಮಾತ್ರ ಮೇಲೆ ಬರಲಿಲ್ಲ. ಅವಸರದಲ್ಲಿ ವಾರ್ನಿಷ್ ಪೂರ್ತಿ ಒಣಗಿಸಿರಲಿಲ್ಲ. ಮೆಲ್ಲಗೆ ಕಿತ್ತಾಗ ಗಾಜಿನ ಮೇಲೆ ಹಸಿರು ಬಸ್ಸಿನ ಅರ್ಧ ಮೈ ಅಂಟಿಕೊಂಡಿತ್ತು. ನಾನು ಜೇಬಿನಿಂದ ಬಣ್ಣ ಕರಗಿಸುವ ಥಿನ್ನರಿನ ಬಟ್ಟೆ ತೆಗೆದೆ.

"ಮುಟ್ಟಬೇಡಿ! ಪ್ಲಾಸ್ಟಿಕ್ ಕರಗಿಹೋಗುತ್ತೆ! ಸಂಜೆ ಎರಡು ಮದುವೆ ಕಾರ್ಡ್ ಕೊಡಬೇಕು ನಾನು!"

"ಹಂಗಾರೆ ಬ್ಲೇಡ್ ಕೊಡಿ."

ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ನಾನು ಲಾರಿಯ ಮುಂಗಾಜಿನ ಬಣ್ಣ ತೆಗೆಯುವ ಹಾಗೆ ಬ್ಲೇಡನ್ನು ಮಲಗಿಸಿ ಹಿಡಿದು, ಒಂದು ಗೀರೂ ಬೀಳದಂತೆ ತೆಗೆದುಕೊಟ್ಟೆ. ಆಮೇಲೆ ಅವರು ನಗತೊಡಗಿದರು. ಇನ್ನು ಮುಂದೆ ತಗಡು ತರುವುದಾದರೆ ನಾಲ್ಕು ದಿನ ಬಿಸಿಲಿಗೆ ಹಾಕಿ ತನ್ನಿ ಎಂದರು.

ಮೂಲೆಯ ಇಂಗ್ಲಿಷ್ ಹೆಸರನ್ನು ಮುಟ್ಟದೆ, ಅವರು ಅದನ್ನೆಲ್ಲ ಜೋಡಿಸಿ ಆಟದೊಳಕ್ಕೆ ಸೇರಿಸಿಕೊಟ್ಟರು. ಹೀಗೆ ಆಡುವವರೇ ಆಟವನ್ನು ಬದಲಾಯಿಸುವುದಕ್ಕೆ 'ಮಾಡ್' ಎಂದು ಹೆಸರಿದೆಯೆಂದು, ಅದು ಸರಿಯೋ ತಪ್ಪೋ ಎಂದು ಪ್ರಪಂಚದಲ್ಲೆಲ್ಲ ಜಗಳ ನಡೆಯುತ್ತದೆಯೆಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ನನಗೆ ಅದು ಚಾಸಿಗೆ ಬಾಡಿ ಕಟ್ಟಿದ್ದು, ಅಷ್ಟೇ.

ಒಂದು ತೊಡಕು ಬಂತು. ಆ ಆಟದಲ್ಲಿ ಬಸ್ಸಿನ ಎರಡೂ ಪಕ್ಕಕ್ಕೆ ಒಂದೇ ತುಂಡನ್ನು ತಿರುಗಿಸಿ ಹೊದಿಸುತ್ತಿದ್ದರು. ಎಡಕ್ಕೆ ಬರೆದ ಊರ ಹೆಸರು ಬಲಕ್ಕೆ ಹೋದರೆ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಹಾಗಾಗಿ ಪಕ್ಕದಲ್ಲಿ ಅಕ್ಷರವನ್ನೇ ಬಿಟ್ಟೆ. ಮುಂದೆ ಬೋರ್ಡು, ಹಿಂದೆ ಗಿಳಿ. ಪಕ್ಕಕ್ಕೆ ಬರೀ ಪಟ್ಟೆ.

ನರಸೀಪುರದ ಅಂಗಡಿಯಲ್ಲಿ ಆ ಬಸ್ಸು ಓಡಿದ ದಿನ ಬಸ್ ಸ್ಟ್ಯಾಂಡಿನ ಅರ್ಧ ಜನ ಬಾಗಿಲಲ್ಲಿ ನಿಂತಿದ್ದರು. ಡ್ರೈವರ್ ಕುಳಿತ. ತನ್ನದೇ ಬಸ್ಸನ್ನು ಒಂದು ಸುತ್ತು ತಿರುಗಿಸಿ ನೋಡಿದ.

"ಬಣ್ಣ ನಮ್ದೇ, ಸರಿ. ಬಾಗ್ಲೇ ಬರೆದಿಲ್ಲ. ಜನ ಬಲಗಡೆ ತಗಡಿನಿಂದ್ಲೇ ಇಳೀತಾವ್ರಲ್ಲೋ!"

"ಅದು ಕಂಪನಿದು. ಅದನ್ನ ಬದಲಾಯಿಸಕ್ಕೆ ನನಗೆ ಬರಲ್ಲ."

"ಬುಡು, ನಮ್ಮ ಬಸ್ಸಲ್ಲೂ ಕಿಟಕಿಯಿಂದ ಇಳಿಯೋರವ್ರೆ."

ಅಂಗಡಿಯಲ್ಲಿ ಆ ದಿನದಿಂದ ವಾದ ಶುರುವಾಯಿತು. ಕಾಲೇಜಿನವರಲ್ಲಿ ಕೆಲವರು, ಕಂಪನಿಯವರು ಹೇಗೆ ಮಾಡಿದ್ದಾರೋ ಹಾಗೇ ಆಡಬೇಕು, ಕೈ ಹಾಕಬಾರದು ಎಂದರು. ಇನ್ನು ಕೆಲವರು, ನಾವು ಆಡುವುದು ತಾನೇ, ನಮಗೆ ಬೇಕಾದ ಹಾಗೆ ಇರಲಿ ಎಂದರು. ಯಾರೋ ಒಬ್ಬ ಎಷ್ಟು ಗುದ್ದಿದರೂ ಬಸ್ಸಿಗೆ ಏನೂ ಆಗದ ಹಾಗೆ ಮಾಡಿಕೊಡಿ ಎಂದು ಕೇಳಿದ. ಡ್ರೈವರ್ ಅವನನ್ನು ಅಂಗಡಿಯಿಂದಲೇ ಓಡಿಸಿದ. ನನಗೆ ಈ ವಾದದಲ್ಲಿ ಹೆಚ್ಚು ಹೇಳುವುದಿರಲಿಲ್ಲ. ಬೇಕಾದವರು ಬಸ್ಸನ್ನು ಸಿ.ಡಿ.ಗೆ ಹಾಕಿಕೊಂಡು ಹೋಗುತ್ತಿದ್ದರು, ನಾನು ತಡೆಯುತ್ತಿರಲಿಲ್ಲ.

ಕೆಲವು ತಿಂಗಳು ಕಳೆದವು. ಡ್ರೈವರನ ಬಸ್ಸಿನ ಕಂಡಕ್ಟರ್ ಒಂದು ಸಿ.ಡಿ. ತಂದು ನನ್ನ ಮುಂದೆ ಹಾಕಿದ. ಮೈಸೂರಿನಲ್ಲಿ ಕೊಂಡದ್ದು. ಮೇಲೆ ನಮ್ಮ ದೇಶದ ಬಸ್ಸಿನ ಆಟ ಎಂಬರ್ಥದ ಇಂಗ್ಲಿಷ್ ಅಕ್ಷರ. ಹಾಕಿ ನೋಡಿದೆ. ಹಸಿರು ಮೈ, ಕೆನೆಯ ಪಟ್ಟೆ, ಕೆಂಪು ಅಂಚು. ಹಿಂದಿನ ಚಕ್ರದ ಮೇಲೆ ನನ್ನ ಬ್ರಷ್ಷಿನಿಂದ ಒಂದು ತೊಟ್ಟು ಇಳಿದಿತ್ತು, ಆ ತೊಟ್ಟೂ ಇತ್ತು. ಹಿಂಬದಿಯ ಮೂಲೆಯಲ್ಲಿ ಗಿಳಿಗಳಿರಲಿಲ್ಲ. ಅಲ್ಲಿ ಒಂದು ಹಸಿರು ಚೌಕ, ಮೈಯ ಹಸಿರಿಗಿಂತ ಸ್ವಲ್ಪ ಬೇರೆ. ಬಸ್ಸಿನ ಎಡಪಕ್ಕದಲ್ಲಿ ದೊಡ್ಡದಾಗಿ, ನಾನು ಸಿ.ಡಿ. ತರುತ್ತಿದ್ದ ಅದೇ ಮೈಸೂರಿನ ಅಂಗಡಿಯ ಹೆಸರು.

ಕಂಡಕ್ಟರನ ಜೊತೆ ಬಂದಿದ್ದ ಡ್ರೈವರ್ ತೆರೆಯ ಮೇಲಿನ ಬಸ್ಸನ್ನು ಆಚೆ ತಿರುಗಿಸಿದ. ಬಲಗಡೆ ಆ ಹೆಸರು ಉಲ್ಟಾ.

"ಆಂಬುಲೆನ್ಸ್ ಬೋರ್ಡ್ ಮಾಡವ್ನೆ ಕಣ್ಲಾ!" ಎಂದು ಕಂಡಕ್ಟರ್ ನಕ್ಕ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎದೆಯ ಹತ್ತಿರ ಯಾರೋ ಬ್ಲೇಡು ಇಟ್ಟು ಎಳೆದ ಹಾಗಾಗಿತ್ತು. ಬಸ್ಸನ್ನು ತೆಗೆದುಕೊಂಡದ್ದಕ್ಕಲ್ಲ. ಕೆರೆದದ್ದಕ್ಕೆ.

ಮರುದಿನ ಮೈಸೂರಿಗೆ ಹೋದೆ. ಅಂಗಡಿಯವನು ನನ್ನನ್ನು ಬಲ್ಲವನೇ, ಟೀ ತರಿಸಿದ. ನಾನು ಕುಡಿಯಲಿಲ್ಲ. ವಿಷಯ ಹೇಳಿದೆ.

"ಅಯ್ಯೋ, ಅದು ನಿಮ್ಮದಾ? ಯಾರೋ ಕಾಲೇಜು ಹುಡುಗ್ರು ತಂದುಕೊಟ್ರು. ಚೆನ್ನಾಗಿದೆ, ಓಡ್ತಾ ಇದೆ."

"ಗಿಳಿ ಯಾಕೆ ಅಳಿಸಿದ್ರಿ?"

"ಏನೋ ಕೊಳೆ ಇದ್ದ ಹಾಗಿತ್ತು, ತೆಗೆಸಿದೆ. ನೋಡಿ ಪೇಂಟ್ರೇ, ಬೇಜಾರು ಮಾಡ್ಕೋಬೇಡಿ. ನೀವು ಆ ಬಸ್ಸು ಕಂಪನಿಯಿಂದ ಕೇಳಿ ತಗೊಂಡ್ರಾ? ಆಟ ಅವರದ್ದು. ನೀವು ಬಣ್ಣ ಬದಲಾಯಿಸಿದ್ರಿ, ನಾನು ಹೆಸರು ಬದಲಾಯಿಸಿದೆ. ಇಬ್ರೂ ಒಂದೇ ಅಲ್ವಾ?"

"ಒಂದೇ ಅಲ್ಲ. ಆ ಮೂಲೆ ದೊಡ್ಡದು ಮಾಡಿ ನೋಡಿ."

ಅವನು ನೋಡಿದ. ಹಸಿರು ಚೌಕಕ್ಕಿಂತ ಮೇಲೆ, ಮೊದಲಿದ್ದ ಇಂಗ್ಲಿಷ್ ಹೆಸರು ಹಾಗೆಯೇ ಇತ್ತು. ಅದನ್ನು ಅವನೂ ಮುಟ್ಟಿರಲಿಲ್ಲ. ಬಹುಶಃ ಕಂಡಿರಲಿಲ್ಲ.

"ಅದು ಮೊದಲು ಬರೆದವನದ್ದು. ನಾನು ಬಿಟ್ಟಿದ್ದೆ. ಅದರ ಕೆಳಗೆ ನಂದು ಬರೆದಿದ್ದೆ. ನೀವು ನಿಮ್ಮದು ಬರೆಯೋದಾದ್ರೆ ನನ್ನ ಕೆಳಗೆ ಜಾಗ ಇತ್ತು."

"ಅದೆಲ್ಲ ಲಾರಿ ಲೆಕ್ಕ ಪೇಂಟ್ರೇ. ಸಿ.ಡಿ. ಎಲ್ಲ ಆಗಲೇ ಹೊರಗೆ ಹೋಗಿವೆ. ಈಗ ಏನು ಮಾಡಕ್ಕಾಗುತ್ತೆ? ನಿಮ್ಮ ಗಿಳಿ ಇದ್ರೆಷ್ಟು, ಬಿಟ್ರೆಷ್ಟು?"

ಅವನ ಜೊತೆ ಇನ್ನೇನೂ ಮಾತಾಡಲಿಲ್ಲ. ಅಲ್ಲಿಂದ ಮುಂದೆ ಅವನ ಅಂಗಡಿಯಲ್ಲಿ ಒಂದು ಸಿ.ಡಿ.ಯನ್ನೂ ಕೊಂಡಿಲ್ಲ. ಸುದ್ದಿ ಕೇಳಿ ಡ್ರೈವರ್, ಬಸ್ಸನ್ನು ಒಂದು ದಿನ ಮೈಸೂರಿನ ಅಂಗಡಿಯ ಮುಂದಕ್ಕೇ ತಂದು ನಿಲ್ಲಿಸೋಣ, ಅವನು ನಿಜವಾದ ಗಿಳಿ ನೋಡಲಿ ಎಂದ. ಅವನ ಬಸ್ಸಿಗೆ ಮೈಸೂರಿನ ರೂಟ್ ಪರ್ಮಿಟ್ಟೇ ಇರಲಿಲ್ಲ.

ನಾನು ಕಂಪ್ಯೂಟರುಗಳಿಗೆ ಪಾಸ್‌ವರ್ಡ್ ಹಾಕಿಸಿದೆ. ಆಡಬಹುದು, ಬಸ್ಸನ್ನು ಹೊರಗೆ ಒಯ್ಯುವ ಹಾಗಿಲ್ಲ. ಅಂಗಡಿಯಲ್ಲಿ ಗೊಣಗಾಟವಾಯಿತು. ಪಾಸ್‌ವರ್ಡ್ ಹಾಕಿಕೊಟ್ಟದ್ದು ನಂಜನಗೂಡಿನ ಅಕ್ಕನೇ. ಆಮೇಲೊಮ್ಮೆ ಅವರ ಅಂಗಡಿಗೆ ಹೋದಾಗ ಅವರೇ ಜಗಳ ತೆಗೆದರು.

"ಬೀಗ ಹಾಕಿ ಏನು ಬಂತು? ಗಿಳಿ ಇಲ್ಲದ ಬಸ್ಸು ಊರೆಲ್ಲ ತಿರುಗ್ತಿದೆ. ಗಿಳಿ ಇರೋದು ನಿಮ್ಮ ಅಂಗಡಿಯೊಳಗೆ ಕೂತಿದೆ."

"ಮತ್ತೆ ಕೊಡ್ಲಾ? ಮತ್ತೆ ಕೆರೀತಾರೆ."

"ನಾನು ಮಾಡೋ ಮದುವೆ ಕಾರ್ಡಿನ ಹೂಬಳ್ಳಿ ನೋಡಿ. ಮೂರು ಪ್ರೆಸ್‌ನವರು ಕದ್ದರು. ಕೆಳಗೆ ಇದ್ದ ನನ್ನ ಹೆಸರು ಕತ್ತರಿಸಿ ಹಾಕ್ತಿದ್ರು. ಈಗ ಹೆಸರನ್ನ ಬಳ್ಳಿಯೊಳಗೇ ಹೆಣೆದಿದೀನಿ. ಹೆಸರು ತೆಗೆದ್ರೆ ಹೂವೂ ಹೋಗುತ್ತೆ. ನೀವೂ ಹಾಗೆ ಮಾಡಿ. ಗಿಳೀನ ದೊಡ್ಡದಾಗಿ ಬಸ್ಸಿನ ಮೈ ತುಂಬ ಬರೀರಿ. ಹೇಗೆ ಅಳಿಸ್ತಾರೆ ನೋಡೋಣ."

"ಆಗಲ್ಲ ಅಕ್ಕಾ."

"ಯಾಕೆ?"

"ಮೈ ತುಂಬ ಬರೆದ್ರೆ ಅದು ಗುರುತಲ್ಲ, ಜಾಹೀರಾತು. ಬಸ್ಸು ಬಸ್ಸಿನವನದು. ನಂದು ಆ ಮೂಲೆ."

"ಅಬ್ಬಾ ನಿಮ್ಮ ಗತ್ತೇ!" ಎಂದರು. ಮದುವೆ ಕಾರ್ಡು ಮಡಿಸುತ್ತಲೇ, "ಹಾಗಾದ್ರೆ ಒಂದೇ ದಾರಿ. ಅವನದ್ದಕ್ಕಿಂತ ನಿಮ್ಮದು ಹೆಚ್ಚು ಜನರ ಹತ್ರ ಇರಬೇಕು" ಎಂದರು.

ಆ ಮಾತು ನನಗೆ ಒಪ್ಪಿಗೆಯಾಯಿತು. ಪಾಸ್‌ವರ್ಡ್ ತೆಗೆಸಿದೆ. ಅಂಗಡಿಯ ಬಾಗಿಲಿನ ಮೇಲೆ ನಾನೇ ಬ್ರಷ್ ಹಿಡಿದು ಬರೆದೆ: ಖಾಲಿ ಸಿ.ಡಿ. ತಂದವರಿಗೆ ಬಸ್ಸು ಉಚಿತ. ಬಣ್ಣ ಏನು ಬೇಕಾದರೂ ಬದಲಾಯಿಸಿ. ಹಿಂದಿನ ಮೂಲೆಯಲ್ಲಿರುವುದನ್ನು ಕೆರೆಯಬೇಡಿ, ನಿಮ್ಮದನ್ನು ಅದರ ಕೆಳಗೆ ಬರೆಯಿರಿ.

ಮೊದಮೊದಲು ಕಾಲೇಜಿನವರು ನಗಾಡಿದರು. ಬಂದು ಒಯ್ದರು. ಕೊಳ್ಳೇಗಾಲದ ಕಡೆಯವರು, ಮಳವಳ್ಳಿಯವರು, ಒಬ್ಬ ಸುತ್ತೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದವನು, ಹೀಗೆ ಒಯ್ಯುತ್ತಲೇ ಇದ್ದರು. ಎಷ್ಟು ಜನ ಮೂಲೆಯನ್ನು ಬಿಟ್ಟರು, ಎಷ್ಟು ಜನ ಕೆರೆದರು ಎಂದು ತಿಳಿಯುವ ದಾರಿಯಿರಲಿಲ್ಲ. ಹೋದ ಲಾರಿಯ ಹಿಂದೆ ಓಡುವುದುಂಟೇ? ನಾನು ಕೇಳುವುದನ್ನೂ ಬಿಟ್ಟೆ. ಆದರೆ ಯಾರಾದರೂ ಹೊರಗಿನ ಸಿ.ಡಿ. ತಂದು ಹಾಕಿದರೆ ಮೊದಲು ಕಣ್ಣು ಹೋಗುತ್ತಿದ್ದದ್ದು ಮೂಲೆಗೇ.

ಒಂದೆರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಡ್ರೈವರ್ ಅಂಗಡಿಗೆ ಬಂದ. ಎಂದಿನಂತೆ ಬಾಗಿಲಿಂದಲೇ ಕೂಗಲಿಲ್ಲ. ಬಂದು ಸ್ಟೂಲಿನ ಮೇಲೆ ಕುಳಿತ.

"ಬಸ್ಸು ಶೆಡ್ಡಿಗೆ ಹೋಗಿತ್ತು ಕಣ್ಲಾ. ನಿಮ್ಮ ಶೆಡ್ಡಿಗಲ್ಲ, ಮೈಸೂರಿಗೆ. ನೀನು ಕೇಳೋದಕ್ಕೆ ಮೊದಲು ನಾನೇ ಹೇಳ್ತೀನಿ ಅಂತ ಬಂದೆ."

"ಬಣ್ಣಕ್ಕಾ?"

"ಬಣ್ಣ ಎಲ್ಲಿ? ಈಗೆಲ್ಲ ಸ್ಟಿಕ್ಕರ್. ಪೂರ್ತಿ ಉಜ್ಜಿ, ಬಿಳೀದು ಹೊಡೆದು, ಮೇಲೆ ಸ್ಟಿಕ್ಕರ್ ಅಂಟಿಸವ್ರೆ. ಓನರ್ ನಿಂತು ಮಾಡ್ಸವ್ರೆ. ಗಿಳಿ ಹೋಯ್ತು."

"ಅವರಿಗೆ ಹೇಳಿಲ್ವಾ ನೀನು?"

"ಹೇಳ್ದೆ ಕಣೋ. 'ಮೂಲೇಲಿ ಒಂಚೂರು ಬುಡ್ರಪ್ಪ' ಅಂದೆ. ಆ ಹುಡುಗ್ರು ನನ್ನ ಮುಖ ನೋಡಿದ್ರು. ಅವರಿಗೆ ಏನ್ ಗೊತ್ತು?"

ಬಸ್ಸು ಓನರದು, ಅದನ್ನು ನಾನೇ ಹೇಳಿದವನು. ಹಾಗೆಂದು ಬೇಜಾರಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಆ ಹೊತ್ತಿಗೆ ಮೂಲೆಯ ಕಂಪ್ಯೂಟರಿನಲ್ಲಿ ಸೋಮನಾಥಪುರದ ಕಡೆಯವನೊಬ್ಬ ಆಡುತ್ತಿದ್ದ. ಟ್ರ್ಯಾಕ್ಟರ್ ಓಡಿಸುವವನು, ಸಂತೆಗೆ ಬಂದವನು. ತನ್ನದೇ ಸಿ.ಡಿ. ತಂದಿದ್ದ. ಆಟ ತೆರೆದಾಗ ಕಂಡದ್ದು ನೀಲಿ ಬಸ್ಸು. ಪಟ್ಟೆಯ ಓಟ ನೋಡಿ ನನ್ನದೆಂದು ತಿಳಿಯಿತು. ಎದ್ದು ಹೋಗಿ ಅವನ ಹಿಂದೆ ನಿಂತೆ.

"ಒಂದು ಸಲ ಹಿಂಬದಿ ತೋರ್ಸಪ್ಪ."

ತಿರುಗಿಸಿದ. ಮೂಲೆಯಲ್ಲಿ ಇಂಗ್ಲಿಷ್ ಹೆಸರು. ಅದರ ಕೆಳಗೆ ನನ್ನ ಗಿಳಿಗಳು, ಅವುಗಳ ಸುತ್ತ ನನ್ನ ಹಸಿರನ್ನು ಅಂಗೈಯಗಲ ಬಿಟ್ಟು ಆಮೇಲೆ ನೀಲಿ ಬಳಿದಿದ್ದರು. ಕೆಳಗೆ ಯಾರದೋ ಒಂದು ಗಾಳಿಪಟ. ಅದರ ಕೆಳಗೆ ಇನ್ನೊಬ್ಬರದು, ಒಂದು ಚಕ್ರ.

"ಈ ಬಸ್ಸು ಎಲ್ಲಿ ಸಿಕ್ತು?"

"ನಮ್ಮ ಮಾವನ ಮಗ ತಂದದ್ದು ಸಾ, ಕನಕಪುರದಿಂದ."

"ಈ ಮೂಲೇದು ಏನು ಅಂತ ಗೊತ್ತಾ?"

"ಗೊತ್ತಿಲ್ಲ ಸಾ. ಅದನ್ನ ಮುಟ್ಟಬಾರದಂತೆ."

ಡ್ರೈವರ್ ಎದ್ದು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

"ಗಾಳಿಪಟ ಬರೆದೋನಿಗೆ ಕೈ ಕುದುರಿಲ್ಲ ಕಣ್ಲಾ. ಸೊಟ್ಟಗದೆ."

"ಬರೀಲಿ ಬುಡು. ಇನ್ನೂ ನಾಲ್ಕು ಬಸ್ಸು ಬರೆದ್ರೆ ಸರಿಹೋಗುತ್ತೆ" ಎಂದೆ.